ಹಾಜರಿ ಪಟ್ಟಿಯಲ್ಲಿ ಕೊನ್ನಿ

ಫಾಲುನ್
ಗುರುವಾರ, 11 ಅಕ್ಟೋಬರ್ 2018

ಪ್ರೀತಿಯ ಕೊನ್ನಿ,

ಮೊನ್ನೆ ಮಂಗಳವಾರ ಪೇರ್ ನಮ್ಮ ಬ್ಯಾಂಡ್ ಬಿಟ್ಟ. ಸುದ್ದಿ ಮುಟ್ಟಿಸಿದವಳು ಅಧ್ಯಯನ ಸಂಘದ ಕಚೇರಿಯ ಗುನ್‌ವೋರ್. ನಿನ್ನ ಜಾಗಕ್ಕೆ ಬಂದು ಇಪ್ಪತ್ತೆರಡು ವರ್ಷ ಹಾಡಿದವನು ನನಗಾಗಲಿ ಗಿಟಾರಿನ ಮಾತ್ಸ್‌ಗಾಗಲಿ ಒಂದು ಮಾತೂ ಹೇಳಲಿಲ್ಲ. ಕಚೇರಿಗೆ ಫೋನ್ ಮಾಡಿ, ಹಾಜರಿ ಪಟ್ಟಿಯಿಂದ ತನ್ನ ಹೆಸರು ತೆಗೆಯಿರಿ ಎಂದನಂತೆ. ಜಗಳವಿಲ್ಲದೆ ಹೊರಟುಹೋಗಲು ನಮ್ಮೂರಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಗೊತ್ತಿಲ್ಲ.

ಹಳೆ ಶಾಲೆಯ ನೆಲಮಾಳಿಗೆ ನೆನಪಿದೆಯಲ್ಲ? ಸಾವಿನ ಬಗ್ಗೆ ಗುರುಗುಟ್ಟುವ ನಮ್ಮಂಥ ಡೆತ್ ಮೆಟಲ್ ಬ್ಯಾಂಡ್‌ಗೆ ಅದನ್ನು ಯಾರೂ ಕೊಡುತ್ತಿರಲಿಲ್ಲ. ‘ಸಂಗೀತ ಅಧ್ಯಯನ ಕೂಟ’ ಎಂದು ಬರೆದುಕೊಟ್ಟದ್ದಕ್ಕೆ ಸಂಘದಿಂದ ಸಿಕ್ಕಿತು. ಪಕ್ಕದ ಕೋಣೆಯಲ್ಲಿ ಈಗಲೂ ನೇಯ್ಗೆ ಕೂಟ, ಅದರಾಚೆ ಅಣಬೆ ಗುರುತಿಸುವವರು. ಪ್ರತಿ ಸೋಮವಾರ ಯಾರು ಬಂದರು ಎಂದು ಪಟ್ಟಿಯಲ್ಲಿ ಗುರುತು ಹಾಕಿ ಕಚೇರಿಗೆ ಕೊಡಬೇಕು, ಕೋಣೆ ಉಳಿಯುವುದು ಆ ಲೆಕ್ಕದ ಮೇಲೆ. 1990ರಿಂದಲೂ ಆ ಕೆಲಸ ನನ್ನದೇ ಆಗಿತ್ತು.

ಪೇರ್‌ನ ಹೆಸರು ತೆಗೆಯುವಾಗ ಗುನ್‌ವೋರ್ ಕಣ್ಣಿಗೆ ಬಿದ್ದದ್ದು ನಿನ್ನ ಹೆಸರು.

“ಅಲ್ಲ ಕಣೇ, ಈ ಕೊನ್ನಿ ಅನ್ನೋರು ಇಪ್ಪತ್ತೆಂಟು ವರ್ಷದಲ್ಲಿ ಒಂದು ಸೋಮವಾರಾನೂ ತಪ್ಪಿಸಿಲ್ವಲ್ಲೇ. ಅಣಬೆಯವರಲ್ಲೂ ಇಂಥೋರಿಲ್ಲ. ಡಿಸೆಂಬರ್ ಒಂದಕ್ಕೆ ವಾರ್ಷಿಕೋತ್ಸವ ಇದೆ, ಇವರಿಗೇ ಸನ್ಮಾನ ಮಾಡೋಣ ಅಂತಿದೀವಿ” ಎಂದಳು.

ಏನೋ ಹೇಳಿ ಪಾರಾಗಬಹುದಿತ್ತು. ಆಗಲಿಲ್ಲ. ನೀನು 1996ರಲ್ಲೇ ಹೋದೆ, ಈಗ ಉತ್ತರದ ಗಣಿಯೂರು ಕಿರುನಾದಲ್ಲಿ ಅದಿರಿನ ರೈಲು ಓಡಿಸುತ್ತೀ ಎಂದೆ. ಅವಳು “ಹಾಗಾದ್ರೆ ಇಷ್ಟು ವರ್ಷ ಅವ್ರು ಇಲ್ಲಿ ಏನು ಓದ್ತಿದ್ರು?” ಎಂದು ಕೇಳಿದಳು. ನಿನ್ನೆ ಕಚೇರಿಗೆ ಹೋಗಿ ತಪ್ಪೊಪ್ಪಿಗೆ ಬರೆದುಕೊಟ್ಟೆ. ಉಳಿದವರು ನಿಜವಾಗಿಯೂ ಬರುತ್ತಿದ್ದುದರಿಂದ ಕೋಣೆ ಉಳಿಯಿತು. ಪಟ್ಟಿಯನ್ನು ಮಾತ್ರ ನನ್ನ ಕೈಯಿಂದ ತೆಗೆದು ತೂವಾಗೆ ಕೊಟ್ಟಿದ್ದಾರೆ.

ತೂವಾ ನಮ್ಮ ಐದನೇ ಡ್ರಮ್ಮರ್. ಲಾಸ್ಸೆ 2001ರಲ್ಲಿ ಪಾದ್ರಿಯಾಗಲು ಹೋದದ್ದನ್ನು ನಿನಗೆ ಬರೆದಿದ್ದೆ. ಹಾಡಿನಲ್ಲಿ ಹೆಣ ಹೂಳುತ್ತಿದ್ದವನು ಈಗ ಸಂಬಳಕ್ಕೆ ಹೂಳುತ್ತಾನೆ. ಅವನ ನಂತರದ ಮೂವರನ್ನು ಬಿಡು. ತೂವಾ ಹಲ್ಲಿನ ಡಾಕ್ಟರು. ಬೆಳಿಗ್ಗೆ ಊರವರ ಹಲ್ಲು ಕೊರೆದು ಸಂಜೆ ನಮ್ಮ ಕಿವಿ ಕೊರೆಯಲು ಬರುತ್ತಾಳೆ. ನಿನ್ನೆ ಸಂಜೆ ಅವಳಿಗೆ ನಮ್ಮ ಮೊದಲ ಕ್ಯಾಸೆಟ್ ಹಾಕಿ ಕೇಳಿಸಿದೆ, ಗೋರಿಯ ಮಣ್ಣೆಂದು ನಾವಿಟ್ಟ ‘ಮುಲ್’ ಎಂಬ ಹೆಸರು ನೋಡಿ ನಿನ್ನ ಅಮ್ಮ ಹೂಕುಂಡದ ಮಣ್ಣು ಮಾರುತ್ತೀರಾ ಎಂದು ಕೇಳಿದ್ದರಲ್ಲ, ಅದೇ. ಎರಡನೇ ಹಾಡಿಗೆ ತೂವಾ ಟೇಪ್ ನಿಲ್ಲಿಸಿದಳು.

“ಇದ್ಯಾರು? ಇಂಥ ಗಂಟಲನ್ನ ಇಷ್ಟು ದಿನ ಎಲ್ಲಿಟ್ಟಿದ್ರಿ?”

“ಕಿರುನಾದಲ್ಲಿ” ಎಂದ ಮಾತ್ಸ್. ಇಡೀ ವಾರದಲ್ಲಿ ಅವನಾಡಿದ ಮಾತು ಅದೊಂದೇ. ಆಮೇಲೆ ಎದ್ದು ಗಿಟಾರಿನ ತಂತಿಗಳನ್ನು ಸಡಿಲಿಸಿ, ನಿನ್ನ ಕಾಲದ ಮಂದ್ರಕ್ಕೆ ಇಳಿಸಿದ. ಗೋಡೆ ಅದುರಿತು. ನೇಯ್ಗೆಯವರು ಬಾಗಿಲು ತಟ್ಟಿದರು.

ಕೊನ್ನಿ, ಅದಕ್ಕೇ ಬರೆಯುತ್ತಿದ್ದೇನೆ. ಬಂದು ಹಾಡು. ವಾರ್ಷಿಕೋತ್ಸವಕ್ಕೆ ನಾವು ನುಡಿಸುವುದು ನಿಶ್ಚಯವಾಗಿದೆ, ಹಾಡಲು ಯಾರೂ ಇಲ್ಲ. 1996ರಲ್ಲಿ, ಗುರುಗುಟ್ಟುವ ಕಾಲ ಮುಗಿಯಿತು, ಸ್ಪಷ್ಟ ಕಂಠದವನು ಬೇಕು ಎಂದು ರೆಕಾರ್ಡ್ ಕಂಪನಿ ಹಟ ಹಿಡಿದಾಗ ನಾನು, ಮಾತ್ಸ್, ಲಾಸ್ಸೆ ಮೂವರೂ ಚೀಟಿ ಬರೆದು ಮತ ಹಾಕಿದೆವು. ಇಬ್ಬರು ನಿನ್ನ ವಿರುದ್ಧ, ಒಬ್ಬರು ನಿನ್ನ ಪರ. ಪೇರ್ ಬಂದ, ರೆಕಾರ್ಡ್ ಬಂತು, ಮೂರು ವರ್ಷದಲ್ಲಿ ಕಂಪನಿಯೇ ನಮ್ಮನ್ನು ಕೈಬಿಟ್ಟಿತು. ಅಂದಿನಿಂದ ನೀನು ಮಾತ್ಸ್‌ನನ್ನು ಮಾತಾಡಿಸಿಲ್ಲ. ನನಗೊಬ್ಬಳಿಗೇ ಪ್ರತಿ ಕ್ರಿಸ್‌ಮಸ್‌ಗೆ ಕಾರ್ಡು ಬರೆಯುತ್ತೀ.

ನಿನಗೀಗ ನಲವತ್ತೇಳು. ಗಂಟಲು ಹೇಗಿದೆಯೋ ತಿಳಿಯದು. ಬೇಸ್ ಗಿಟಾರ್ ಮೀಟುವ ನನ್ನ ಬೆರಳುಗಳೂ ಮೊದಲಿನಂತಿಲ್ಲ. ಆದರೂ ನಿನ್ನೆ ಆ ಮಂದ್ರ ಕೇಳಿದಾಗ, ನಮ್ಮ ಒಳ್ಳೆಯ ರೆಕಾರ್ಡ್ ಇನ್ನೂ ಮುಂದಿದೆ ಎಂದು ಅನ್ನಿಸಿತು. ಹಾಗೆ ಅನ್ನಿಸಿ ಬಹಳ ವರ್ಷವಾಗಿತ್ತು.

ನಿನ್ನ ಗೆಳತಿ,
ಇಲ್ವಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ‘ಇರಲಿ’ ಎಂದಿದ್ದ ಆ ಒಂದು ಚೀಟಿ ನೀನು ನಂಬಿರುವಂತೆ ನನ್ನದಲ್ಲ, ಮಾತ್ಸ್‌ನದು. ನಾನು ‘ಹೋಗಲಿ’ ಎಂದು ಬರೆದೆ. ರೈಲು ನಿಲ್ದಾಣದಲ್ಲಿ ನೀನು ನನ್ನೊಬ್ಬಳನ್ನೇ ಅಪ್ಪಿಕೊಂಡಾಗಲೂ ಅವನು ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ಮುಂದಿನ ಸೋಮವಾರ ಪಟ್ಟಿಯಲ್ಲಿ ನಿನ್ನ ಹೆಸರು ಹೊಡೆದುಹಾಕಲು ಕೈ ಬರದೆ ಹಾಜರಿ ಗುರುತು ಹಾಕಿದೆ. ಆಮೇಲೆ ನಿಲ್ಲಿಸಲಾಗಲಿಲ್ಲ. ಇದನ್ನು ತಿಳಿದುಕೊಂಡೇ ನೀನು ನಿರ್ಧರಿಸಬೇಕು. ಮಾತ್ಸ್‌ಗೂ ಈ ಪತ್ರ ಓದಲು ಕೊಟ್ಟಿದ್ದೇನೆ. ಅಭ್ಯಾಸ 22ನೇ ತಾರೀಕು, ಸೋಮವಾರ, ಸಂಜೆ ಆರು ಗಂಟೆಗೆ.