ಹೊಸ ಸ್ವಿವೆಲ್

ಮಂಗಳವಾರ, ೧೪

ಸುಳ್ಳು ಹೇಳಿಬಿಟ್ಟೆ, ಅದೂ ದೊಡ್ಡಪ್ಪನಿಗೆ.

ಅವರ ಬಾಕ್ಸಿಂಗ್ ಜಿಮ್ಮಿನಲ್ಲಿ ಗುದ್ದಿ ಗುದ್ದಿ ಕೈ ಪಳಗಿಸುವ ಸ್ಪೀಡ್ ಬ್ಯಾಗ್ ತೂಗುಹಾಕುವ ಸ್ವಿವೆಲ್ಲನ್ನು, ಆ ತಿರುಗುವ ಕೊಂಡಿಯನ್ನು, ನಿನ್ನೆ ಬದಲಿಸಿದ್ದೆ. ಹಳೆಯದು ಎಷ್ಟು ಎಣ್ಣೆ ಬಿಟ್ಟರೂ ಬಿಗಿ, ಪಿನ್ನು ಬೇರೆ ಅರ್ಧ ಸವೆದಿತ್ತು. ಕಳಚಿಕೊಂಡರೆ ಬ್ಯಾಗು ಯಾರ ಮುಖಕ್ಕಾದರೂ ಬಡಿಯುತ್ತದೆ. ಹೊಸದಕ್ಕೆ ಬೇರಿಂಗ್ ಇದೆ, ಬೆರಳು ತಾಗಿದರೆ ಸಾಕು, ತಿರುಗುತ್ತದೆ. ದೊಡ್ಡಪ್ಪನನ್ನು ಕೇಳಿದ್ದರೆ ಬೇಡವೆನ್ನುತ್ತಿದ್ದರು. ಮೂವತ್ತು ವರ್ಷ ಆ ಬಿಗಿ ಸ್ವಿವೆಲ್ಲಿನ ಲಯಕ್ಕೇ ಕೈ ಪಳಗಿಸಿಕೊಂಡವರು.

ಪಾರ್ಶ್ವವಾಯು ಹೊಡೆದು ಆರು ತಿಂಗಳಾದ ಮೇಲೆ ಇವತ್ತೇ ಮೊದಲು ಅವರು ಬ್ಯಾಗಿನ ಮುಂದೆ ನಿಂತದ್ದು. ಮೂರು ಸಲ ಹೊಡೆದರು. ಮೂರು ಸಲವೂ ಎರಡನೇ ಏಟಿಗೆ ಮುಷ್ಟಿ ತಲುಪುವ ಮೊದಲೇ ಬ್ಯಾಗು ಬಂದುಹೋಗಿತ್ತು.

"ಏನಾದ್ರೂ ಬದಲಾಯಿಸಿದ್ಯೇನಮ್ಮಾ?"

"ಇಲ್ಲ ದೊಡ್ಡಪ್ಪ."

ಕಲಿಯಲು ಬಂದವರೆಲ್ಲ ನೋಡುತ್ತಿದ್ದರು. ಅವರೆದುರು ಬೈಸಿಕೊಳ್ಳಬೇಕಲ್ಲ ಎಂದು ಬಾಯಿಗೆ ಬಂದದ್ದು, ಅಷ್ಟೇ.

ದೊಡ್ಡಪ್ಪ ಬಲಗೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

"ಹಾಗಾದ್ರೆ ಕೈಯೇ ಹೋಯ್ತು ಬಿಡು. ಇನ್ಮೇಲೆ ನೀನೇ ನೋಡ್ಕೋ."

ಜಿಮ್ಮಿನ ಕೀಲಿಯನ್ನು ಬೆಂಚಿನ ಮೇಲಿಟ್ಟು ಹೋದರು.

ಈಗ ಆ ಕೀಲಿ, ಹಳೆಯ ಸ್ವಿವೆಲ್, ಎರಡೂ ನನ್ನ ಮೇಜಿನ ಮೇಲಿವೆ. ಬೆಳಗಾಗುತ್ತಲೇ ಒಯ್ದು ಅವರ ಮುಂದಿಟ್ಟು ನಿಜ ಹೇಳಬೇಕು. ಬೈದರೆ ಬೈಸಿಕೊಂಡೇನು. ಆದರೆ ಬೈಯದೆ, ನಂಬದೆ, ನನ್ನ ತಲೆ ಸವರಿ, "ನನ್ನ ಸಮಾಧಾನಕ್ಕೆ ಹೇಳ್ತಿದೀಯ" ಅಂದುಬಿಟ್ಟರೆ?