ನೀಲಿ ಬಣ್ಣದ ಕೆಳಗೆ

ಅಪ್ಪಾ,

ಇವತ್ತು ಸುರಕ್ಷತಾ ಇನ್‌ಸ್ಪೆಕ್ಟರ್ ಆಗಿ ತನಿಖೆಗೆಂದು, ನೀವು ಕೆಲಸ ಮಾಡುತ್ತಿದ್ದ ಕೊಯಮತ್ತೂರಿನ ಹಳೆಯ ಅಮ್ಯೂಸ್‌ಮೆಂಟ್ ಪಾರ್ಕಿಗೇ ಹೋಗಿದ್ದೆ. ಆಯುಧಪೂಜೆಯ ಮರುದಿನ ಜೈಂಟ್ ವೀಲ್‌ನ ಒಂದು ತೊಟ್ಟಿಲಿನ ಸರಳು ಮುರಿದು, ಅದರಲ್ಲಿದ್ದ ಹುಡುಗಿಯ ಕೈಗೆ ಪೆಟ್ಟಾಗಿದೆ.

“ಹಬ್ಬದ ಜೋಶಲ್ಲಿ ಇವರು ಸಿಕ್ಕಾಪಟ್ಟೆ ಸ್ಪೀಡಾಗಿ ತಿರುಗಿಸಿದಾರೆ ಮೇಡಂ. ನಾಳೆಯಿಂದ ಕೆಲಸಕ್ಕೆ ಬರಬೇಡಿ ಅಂದಿದೀನಿ,” ಎಂದರು ಮ್ಯಾನೇಜರ್. ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದವರು ಆ ಚಕ್ರ ತಿರುಗಿಸುವ, ನಿಮ್ಮ ಹಳೆಯ ಜೊತೆಗಾರ ಕದಿರೇಶನ್.

ಮುರಿದ ಸರಳನ್ನು ಬೆಳಕಿಗೆ ಹಿಡಿದೆ. ಮುರಿದ ಜಾಗದ ಅರ್ಧದವರೆಗೆ ತುಕ್ಕು, ಆ ತುಕ್ಕಿನ ಮೇಲೆ ಹಬ್ಬಕ್ಕೆ ಬಳಿದ ಹೊಸ ನೀಲಿ ಬಣ್ಣ. ಬಣ್ಣ ಬಳಿಯುವ ಮೊದಲೇ ಅಲ್ಲಿ ಬಿರುಕಿತ್ತು. ಉಳಿದ ತೊಟ್ಟಿಲುಗಳ ಬೆಸುಗೆಯ ಮೇಲೂ, ನೀವು ಮಾಡುತ್ತಿದ್ದ ಹಾಗೆ, ಕುಂಕುಮ ಒರೆಸಿ ಉಗುರಿನಿಂದ ಬಣ್ಣ ಕೆರೆದೆ. ಇನ್ನೊಂದು ಬಿರುಕು ಸಿಕ್ಕಿತು. ತಪ್ಪು ಸ್ಪೀಡಿನದಲ್ಲ, ಬಿರುಕಿನ ಮೇಲೆ ಬಣ್ಣ ಬಳಿದದ್ದು ಎಂದು ಮ್ಯಾನೇಜರ್ ಎದುರಿಗೇ ವರದಿ ಬರೆದೆ.

ಕದಿರೇಶನ್ ಕಣ್ಣೊರೆಸಿಕೊಂಡು ನಕ್ಕು, ಚಿಕ್ಕಂದಿನಂತೆ ಈಗಲೂ ನನ್ನನ್ನು ‘ಪಾಪಾ’ ಎಂದೇ ಕರೆದರು. “ನಿಮ್ಮಪ್ಪನೂ ಹೀಗೇ ಕೆರೀತಿದ್ರು ಪಾಪಾ. ಪೇಂಟರ್ ಬೈದು ಬೈದು ಸುಸ್ತಾಗ್ತಿದ್ದ. ಅವರು ನೋಡ್ಕೊಂಡ ಚಕ್ರ ಒಂದಾದ್ರೂ ಚೆಂದ ಕಾಣ್ತಿತ್ತಾ ಹೇಳು!”

“ಒಂದೂ ಇಲ್ಲ ಮಾಮಾ,” ಎಂದೆ.

ಆ ಉಗುರುಗಳಲ್ಲೇ ನೀವು ಊಟಕ್ಕೆ ಕೂರುತ್ತಿದ್ದಿರಿ. ಎಷ್ಟು ತೊಳೆದರೂ ಬಣ್ಣ ಹೋಗುತ್ತಿರಲಿಲ್ಲ. ಕಾನ್ವೆಂಟಿನಿಂದ ಬಂದ ನಾನು ತಟ್ಟೆಯನ್ನು ಸ್ವಲ್ಪ ದೂರ ಎಳೆದುಕೊಳ್ಳುತ್ತಿದ್ದೆ. ನೀವು ನೋಡದವರಂತೆ ನನಗೆ ಇನ್ನಷ್ಟು ರಸಂ ಬಡಿಸುತ್ತಿದ್ದಿರಿ. ನಿಜವಾಗಿಯೂ ನೋಡಿರಲಿಲ್ಲವೋ ಏನೋ.

ಈಗ ನನ್ನ ಉಗುರಿನಲ್ಲೂ ನೀಲಿ ಉಳಿದಿದೆ. ಮನೆಗೆ ಬಂದು ಅನ್ನಕ್ಕೆ ರಸಂ ಹಾಕಿಕೊಂಡು, ಆ ಕೈಯಿಂದಲೇ ಕಲಸಿ ಉಂಡೆ.