ಶೇಂಗಾ ಕಾಟಾದ ಮೇಲೆ

ಹಿರೇಹಡಗಲಿ
೯-೧೦-೧೯೯೮, ಶುಕ್ರವಾರ

ಕೊಟ್ಟೂರಿನ ನಾಗೇಂದ್ರಪ್ಪನವರಿಗೆ ಅವರ ಹೆಂಡತಿ ಹೊನ್ನೂರಮ್ಮ ಮಾಡುವ ನಮಸ್ಕಾರಗಳು.

ಗಂಡನ ಹೆಸರು ಹಿಡಿದು ಬರೆದಿದ್ದಾಳೆ ಎಂದು ಮೊದಲ ಸಾಲಿಗೇ ಹುಬ್ಬು ಗಂಟಿಕ್ಕಬೇಡಿ. ಹತ್ತು ವರ್ಷ ನಿಮ್ಮ ಹೆಸರನ್ನು ಬಾಯಲ್ಲಿ ಆಡಲಿಲ್ಲ. ಅದರಿಂದ ನಿಮ್ಮ ಆಯುಷ್ಯ ಎಷ್ಟು ಹೆಚ್ಚಿತೋ ತಿಳಿಯದು, ನನ್ನದಂತೂ ಸವೆಯುತ್ತ ಬಂತು. ನಾವು ಇಲ್ಲಿ ಕ್ಷೇಮ, ನಿಮ್ಮ ಕ್ಷೇಮಕ್ಕೆ ಬರೆಯಿರಿ ಎಂದು ಹಿಂದಿನ ಕಾಗದಗಳಲ್ಲೆಲ್ಲ ಬರೆದಿದ್ದೆ. ಅದು ಸುಳ್ಳು. ಈ ಸಲ ನಿಜವಾಗಿ ಕ್ಷೇಮವಾಗಿದ್ದೇನೆ. ಸಿಟ್ಟು ಮಾಡುವುದಕ್ಕೂ ಮೈಯಲ್ಲಿ ಕಸುವು ಬೇಕು, ಅದು ಈಗ ಬಂದಿದೆ.

ನಿಮ್ಮ ಕಾಗದ ಬುಧವಾರ ಮುಟ್ಟಿತು. ಬರೆದಿರುವುದು ಎರಡೇ ಮಾತು. ನನ್ನ ತೂಕ ಈಗ ಎಷ್ಟಿದೆ ತಿಳಿಸಬೇಕಂತೆ, ಮೊದಲಿನಷ್ಟಕ್ಕೆ ಇಳಿದಿದ್ದರೆ ದೀಪಾವಳಿಗೆ ಬಂದು ಕರೆದುಕೊಂಡು ಹೋಗುತ್ತೀರಂತೆ. ದಸರಾ ರಜೆ ಮುಗಿಯುವುದರಿಂದ ಮಗಳು ಕಲ್ಯಾಣಿಯನ್ನು ಸೋಮವಾರ ಬಸ್ಸು ಹತ್ತಿಸಬೇಕಂತೆ. ಎರಡಕ್ಕೂ ಉತ್ತರ ಕೊಡುತ್ತೇನೆ. ಉದ್ದವಾಯಿತೆಂದು ಅರ್ಧಕ್ಕೇ ಮಡಚಿ ದೇವರ ಗೂಡಿನಲ್ಲಿ ಇಟ್ಟುಬಿಡಬೇಡಿ.

ನಿಮಗೆ ನೆನಪಿದೆಯೋ ಇಲ್ಲವೋ, ಇದೆಲ್ಲ ಶುರುವಾದದ್ದು ನಿಮ್ಮ ಗೆಳೆಯ ಪಾಲಾಕ್ಷಪ್ಪನ ಮದುವೆಯಲ್ಲಿ. ಕಲ್ಯಾಣಿಗೆ ಆಗ ಇನ್ನೂ ಮೊಲೆ ಬಿಡಿಸಿರಲಿಲ್ಲ. ಬಾಣಂತನದಲ್ಲಿ ಅವ್ವ ಕೊಬ್ಬರಿ ಬೆಲ್ಲ ತಿನ್ನಿಸಿ ಕಳಿಸಿದ್ದಳು, ಮೈ ಕೈ ತುಂಬಿಕೊಂಡಿದ್ದೆ. ಊಟದ ಪಂಕ್ತಿಯಲ್ಲಿ ಪಾಲಾಕ್ಷಪ್ಪ ನಿಮ್ಮ ಬೆನ್ನು ತಟ್ಟಿ, "ಏನಲೇ, ಮದಿವಿಗೂ ಚೀಲ ಹೊತ್ಕಂಡು ಬಂದೀಯಲ್ಲ" ಅಂದ. ಅಡತಿ ಅಂಗಡಿಯಲ್ಲಿ ದಿನವೆಲ್ಲ ಶೇಂಗಾ ಚೀಲ ತೂಗುವವರಿಗೆ ಆಡಿದ ಮಾತು, ಪಂಕ್ತಿಯೆಲ್ಲ ನಕ್ಕಿತು. ನೀವೂ ನಕ್ಕಿರಿ. ನಾನು ಎಲೆಯ ಮೇಲಿನ ಹೋಳಿಗೆಯನ್ನು ಮುಟ್ಟದೆ ಎದ್ದೆ. ನಗದೆ ಕೂತಿದ್ದರೆ ಸಾಕಿತ್ತು ನೀವು, ಬೇರೇನೂ ಮಾಡಬೇಕಿರಲಿಲ್ಲ.

ಮರುವಾರವೇ ಯಾವುದೋ ವಾರಪತ್ರಿಕೆಯಿಂದ ಕತ್ತರಿಸಿದ ಕಾಗದ ಅಡುಗೆಮನೆಯ ಗೋಡೆಗೆ ಅಂಟಿತು. ಬೆಳಿಗ್ಗೆ ಸೌತೆಕಾಯಿ, ಮಧ್ಯಾಹ್ನ ಒಂದು ರೊಟ್ಟಿ, ಸಂಜೆ ನೀರು ಮಜ್ಜಿಗೆ. ಆ ಪತ್ರಿಕೆಯವರು ತಿಂಗಳಿಗೋ ಎರಡು ತಿಂಗಳಿಗೋ ಹೇಳಿದ್ದರೇನೋ, ನೀವು ಅದನ್ನು ಐದು ವರ್ಷ ನಡೆಸಿದಿರಿ. ಮೊದಲು ತೂಕ ಇಳಿದಾಗ ನಾನೂ ಹಿಗ್ಗಿದೆ. ಹಳೆಯ ಜಂಪರು ಸಡಿಲವಾದವು, ನೀವು ಹೂವು ತಂದುಕೊಟ್ಟಿರಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಅಂತಾರಲ್ಲ, ಹಾಗಾಯಿತು. ಕಡೆಗೆ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬಂದು ಮಲ್ಲಿಗೆ ಮುಡಿಯಲು ಜುಟ್ಟೂ ಉಳಿಯಲಿಲ್ಲ.

ಅಮಾವಾಸ್ಯೆಗೆ ಪೇಟೆ ಬಂದ್ ಇರುತ್ತಿತ್ತು. ಓಣಿಯ ಹೆಂಗಸರೆಲ್ಲ ತಲೆಸ್ನಾನ ಮಾಡಿ ಕಾಯಿ ಹಿಡಿದು ಗುಡಿಗೆ ಹೊರಟರೆ ನೀವು ನನ್ನನ್ನು ಖಾಲಿ ಅಂಗಡಿಗೆ ಕರೆದೊಯ್ದು ಶೇಂಗಾ ತೂಗುವ ಕಾಟಾದ ಮೇಲೆ ನಿಲ್ಲಿಸುತ್ತಿದ್ದಿರಿ. ಕಾಲ ಕೆಳಗೆ ಚೀಲದಿಂದ ಉದುರಿದ ಮಣ್ಣು, ಸಿಪ್ಪೆ. ಗುಡಿಗೆ ಹೋಗಲಿಲ್ಲವೇನವ್ವ ಎಂದು ಯಾರಾದರೂ ಕೇಳಿದರೆ ಹೋಗಿಬಂದೆ ಎನ್ನುತ್ತಿದ್ದೆ.

ಆಮೇಲೆ ಕಾಟಾದ ಮುಳ್ಳು ನಿಂತುಬಿಟ್ಟಿತು. ಒಂದು ರೊಟ್ಟಿ ಅರ್ಧವಾಯಿತು, ಆದರೂ ಇಳಿಯಲಿಲ್ಲ. ಆಗ ನೀವು ನನ್ನನ್ನು ಕಳ್ಳಿ ಅಂದಿರಿ. ಕದ್ದು ತಿನ್ನುತ್ತೀ ಎಂದು ಡಬ್ಬಿಗಳ ಬಾಯಿಗೆ ದಾರ ಸುತ್ತಿದಿರಿ. ಅಂಗಡಿಯಿಂದ ಬಂದವರು ಕಾಲು ತೊಳೆಯುವ ಮೊದಲೇ ನನ್ನ ಬಾಯಿ ತೆರೆಸಿ ಮೂಸಿ ನೋಡುತ್ತಿದ್ದಿರಿ, ಶೇಂಗಾ ವಾಸನೆ ಬರುತ್ತದೆಯೇ ಎಂದು. ಕೊಟ್ಟೂರಿನಲ್ಲಿ ಕೋಳಿಗಳೂ ಶೇಂಗಾ ತಿಂದು ಬದುಕುತ್ತವೆ ನಾಗೇಂದ್ರಪ್ಪನವರೇ. ನಿಮ್ಮ ಮನೆಯ ಅಟ್ಟದ ಮೇಲೆ ಬೀಜದ ಶೇಂಗಾ ಮೂಟೆಗಟ್ಟಲೆ ಇತ್ತು. ಅದರಲ್ಲಿ ಒಂದು ಕಾಳನ್ನೂ ನಾನು ಬಾಯಿಗೆ ಹಾಕಿರಲಿಲ್ಲ. ಈ ಒಂದು ಮಾತಿಗೆ ನನಗೆ ಬಂದ ಸಿಟ್ಟು ಇನ್ನೂ ಇಳಿದಿಲ್ಲ, ಇಳಿಯುವುದೂ ಬೇಡ.

ಏಪ್ರಿಲ್ ಬಿಸಿಲಿಗೆ ಊರೆಲ್ಲ ಬೀಸಣಿಗೆ ಹುಡುಕುವಾಗ ನಾನು ಕೌದಿ ಹೊದ್ದು ನಡುಗುತ್ತಿದ್ದೆ. ಮುಟ್ಟು ನಿಂತಿತು. ನಿಮ್ಮ ತಾಯಿ ಬಸುರು ಎಂದು ತಿಳಿದು ಒಂದು ತಿಂಗಳು ನಗುನಗುತ್ತ ಮಾತಾಡಿಸಿದರು. ಹೊಟ್ಟೆ ಬರಲಿಲ್ಲ. ಆಮೇಲೆ ಗೊಡ್ಡು ಅಂದರು, ಮೊಮ್ಮಗನ ಮುಖ ನೋಡುವ ಯೋಗ ತಮಗಿಲ್ಲ ಎಂದು ಓಣಿಯಲ್ಲಿ ಹೇಳಿಕೊಂಡು ಬಂದರು. ಆಗಲೂ ನೀವು ಕಾಟಾದ ಮುಳ್ಳನ್ನೇ ನೋಡುತ್ತಿದ್ದಿರಿ.

ಹೋದ ವರ್ಷ ನಲ್ಲಿಯ ಹತ್ತಿರ ಕೊಡದೊಂದಿಗೆ ಬಿದ್ದೆನಲ್ಲ, ಅಣ್ಣ ರಾಮಾಂಜನೇಯ ಬಂದು ಇಲ್ಲಿಗೆ ಕರೆತಂದ. ಹಡಗಲಿಯ ಡಾಕ್ಟರಮ್ಮ ನನ್ನ ಉಗುರು, ಕಣ್ಣು, ಅಂಗೈ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ಏನು ತಿನ್ನುತ್ತೀ ಎಂದು ಕೇಳಿದಾಗ ನಿಮ್ಮ ಗೋಡೆಯ ಕಾಗದವನ್ನೇ ಬಾಯಿಪಾಠ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟರು. ಮೈಗೆ ಬರುವುದು ಕಡಿಮೆಯಾದರೆ ಅದು ಖರ್ಚು ಕಡಿಮೆ ಮಾಡಿಕೊಳ್ಳುತ್ತದಂತೆ. ಮೊದಲು ಕಾವು ತಗ್ಗಿಸುತ್ತದೆ, ಆಮೇಲೆ ಕೂದಲಿಗೆ ಕೊಡುವುದನ್ನು ಬಿಡುತ್ತದೆ, ಆಮೇಲೆ ಮುಟ್ಟು ನಿಲ್ಲಿಸುತ್ತದೆ. ಬರಗಾಲ ಬಿದ್ದಿದೆ ಎಂದು ತಿಳಿದು ಸಿಕ್ಕಿದ್ದನ್ನೆಲ್ಲ ಹಿಡಿದಿಟ್ಟುಕೊಳ್ಳುತ್ತದೆ. ಅರ್ಧ ರೊಟ್ಟಿಗೂ ನನ್ನ ತೂಕ ಇಳಿಯದಿದ್ದದ್ದು ಅದಕ್ಕೆ. "ನೀ ಏನೂ ಕದ್ದಿಲ್ಲಮ್ಮ" ಎಂದು ಅವರು ನನ್ನ ಕೈ ಹಿಡಿದು ಹೇಳಿದಾಗ ನಾನು ಆ ಕುರ್ಚಿಯಲ್ಲೇ ಗಳಗಳ ಅತ್ತೆ.

ವಾಸಿಯಾಗುವುದು ಸುಲಭ ಎಂದು ತಿಳಿಯಬೇಡಿ, ಹಸಿದವಳಿಗೆ ಉಣ್ಣುವುದೇನು ಕಷ್ಟ ಎಂದು ನೀವು ಅಂದೇ ಅನ್ನುತ್ತೀರಿ. ಒಮ್ಮೆಗೇ ತುಂಬಿಕೊಳ್ಳಬಾರದು, ದಿನಕ್ಕಿಷ್ಟು ಹೆಚ್ಚಿಸುತ್ತ ಹೋಗಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಒಂದು ತುತ್ತು ಹೆಚ್ಚು ಉಂಡರೆ ಹೊಟ್ಟೆ ಉಬ್ಬುತ್ತಿತ್ತು. ಮುಖ ಊದಿಕೊಂಡಿತು, ಕಾಲು ಊದಿಕೊಂಡವು, ಹೊಟ್ಟೆಯ ಸುತ್ತ ಮೊದಲು ಮಾಂಸ ಬಂತು. ಕನ್ನಡಿಯಲ್ಲಿ ಪಾಲಾಕ್ಷಪ್ಪನ ಚೀಲವೇ ಕಾಣುತ್ತಿತ್ತು. ಎಷ್ಟೋ ದಿನ ತಾಟಿನ ಮುಂದೆ ಕೂತು ರೊಟ್ಟಿಯನ್ನು ಚೂರು ಚೂರು ಮಾಡಿ ಹಾಗೇ ಏಳಲು ನೋಡುತ್ತಿದ್ದೆ. ಅವ್ವ ನಿಮಗೆ ಗೊತ್ತಲ್ಲ, ಅಂಜಿನಕ್ಕ ಎಂದರೆ ಇಡೀ ಓಣಿ ತಗ್ಗಿ ನಡೆಯುತ್ತದೆ. ಅವಳು ಎದುರಿಗೆ ಕೂತು ತಾಟು ಹಿಡಿದುಕೊಂಡು, "ಮೊದಲು ಉಣ್ಣಲೇ, ಉಂಡ ಮ್ಯಾಲ ಅಳುವಂತಿ" ಅನ್ನುತ್ತಿದ್ದಳು. ಉಂಡೆ, ಆಮೇಲೆ ಅತ್ತೆ. ಬೇಳೆ, ಹಾಲು, ಶೇಂಗಾ ಚಟ್ನಿ, ಬೆಲ್ಲ. ನಿಧಾನವಾಗಿ ಮೈ ಬೆಚ್ಚಗಾಯಿತು. ಈ ವರ್ಷದ ಬೇಸಿಗೆಯಲ್ಲಿ ನಾನು ಬೆವೆತೆ, ನಿಮಗೆ ನಗು ಬರಬಹುದು, ಸೆಕೆ ಸೆಕೆ ಎಂದು ಮನೆಯೆಲ್ಲ ಹೇಳಿಕೊಂಡು ತಿರುಗಿದೆ. ತಲೆಯಲ್ಲಿ ಗರಿಕೆಯಷ್ಟುದ್ದ ಹೊಸ ಕೂದಲು ಬಂದಿದೆ. ಈಗ ತಾಟು ತುಂಬ ಉಂಡರೂ ಊತ ಬರುವುದಿಲ್ಲ, ಕಳೆ ಕೀಳಲು ಅಣ್ಣನ ಹೊಲಕ್ಕೆ ಹೋಗಿ ಸಂಜೆ ನಡೆದುಕೊಂಡೇ ಬರುತ್ತೇನೆ.

ಇಷ್ಟೇ ಆಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಅದು ನನ್ನ ಮೈ, ನಾನು ಅನುಭವಿಸಿದೆ, ನಾನು ಎದ್ದೆ. ಆದರೆ ಶಾಲೆ ತಪ್ಪಬಾರದೆಂದು ನಿಮ್ಮಲ್ಲಿ ಬಿಟ್ಟುಬಂದ ಮಗು ದಸರೆಗೆ ಬಂದಾಗ ಹೇಗಿದ್ದಳು? ಒಂಬತ್ತು ವರ್ಷದ ಹುಡುಗಿ ಹಬ್ಬದ ದಿನ ಹೋಳಿಗೆಯನ್ನು ನನ್ನ ಹಾಗೇ ಚೂರು ಚೂರು ಮಾಡಿದಳು. ಹಸಿವಿಲ್ಲ ಅಂದಳು. ಮೊಣಕೈ ಮುಟ್ಟಿದರೆ ತಣ್ಣಗಿತ್ತು. ನಾನು ಬೈಯದೆ, ಗದರದೆ, ತಲೆ ಬಾಚುತ್ತ ಕೇಳಿದೆ. ಆಗ ಹೇಳಿದಳು.

"ಅಪ್ಪ ಅಮಾಸಿಗೆ ಕಾಟಾದ ಮ್ಯಾಲ ನಿಂದರಸ್ತಾನ. ಅವ್ವನಂಗ ಆಗಬಾರದಂತ."

ಬೆಳೆಯುವ ಮಗುವಿನ ತೂಕ ಏರಬೇಕಲ್ಲರೀ. ಅಷ್ಟೂ ತಿಳಿಯದೇ ನಿಮಗೆ? ರೈತ ತಂದ ಶೇಂಗಾವನ್ನು ಬೊಗಸೆಯಲ್ಲಿ ಎತ್ತಿ ಹಗುರವಿದ್ದರೆ ಜೊಳ್ಳು ಎಂದು ಮುಖ ತಿರುಗಿಸುತ್ತೀರಿ, ಗಟ್ಟಿ ಕಾಳಿದ್ದರೆ ರೇಟು ಏರಿಸುತ್ತೀರಿ. ಪೇಟೆಯಲ್ಲಿ ತೂಕಕ್ಕೆ ಬೆಲೆ, ಮನೆಗೆ ಬಂದರೆ ಹೆಂಡತಿಯೂ ಮಗಳೂ ಜೊಳ್ಳಾಗಿರಬೇಕು. ಇದು ಯಾವ ಊರಿನ ವ್ಯಾಪಾರ?

ಆದ್ದರಿಂದ ಕಲ್ಯಾಣಿ ಸೋಮವಾರದ ಬಸ್ಸಿಗೆ ಬರುವುದಿಲ್ಲ. ಆ ಬಸ್ಸಿಗೆ ರಾಮಾಂಜನೇಯ ಬರುತ್ತಾನೆ, ಈ ಕಾಗದವೂ ಅವನ ಕೈಯಲ್ಲೇ ಬರುತ್ತದೆ. ಶಾಲೆಗೆ ಅವನ ಜೊತೆ ಹೋಗಿ ಅವಳ ಟಿ.ಸಿ. ಕೊಡಿಸಿ, ತಂದೆಯ ಸಹಿ ಬೇಕೆಂದರೆ ಹಾಕಿ. ಮಗಳನ್ನು ನೋಡಬೇಕೆನಿಸಿದರೆ ಇಲ್ಲಿಗೆ ಬಂದು ನೋಡಿ, ಬೇಡ ಎನ್ನುವುದಿಲ್ಲ. ಅವಳು ಉಣ್ಣುವಾಗ ತಾಟಿನ ಕಡೆ ಮಾತ್ರ ನೋಡಬಾರದು.

ಸಹಿ ಹಾಕದಿದ್ದರೆ ನಾನೇ ಬರುತ್ತೇನೆ. ಅಮಾವಾಸ್ಯೆಯ ದಿನವಲ್ಲ. ಪೇಟೆ ತುಂಬಿದ ದಿನ, ರೈತರು, ಹಮಾಲರು, ದಲ್ಲಾಳಿಗಳು, ಪಾಲಾಕ್ಷಪ್ಪ ಎಲ್ಲರೂ ಇರುವಾಗ ಬಂದು ಅದೇ ಕಾಟಾದ ಮೇಲೆ ನಾನಾಗಿ ಹತ್ತಿ ನಿಲ್ಲುತ್ತೇನೆ. ನನ್ನ ತೂಕ ತಿಳಿಸು ಎಂದು ಬರೆದಿದ್ದೀರಲ್ಲ, ಆಗ ತೂಗಿ. ಚೀಲದ ತೂಕ ಕೂಗುವ ಹಾಗೆಯೇ ಗಟ್ಟಿಯಾಗಿ ಕೂಗಿ ಹೇಳಿ. ನಾನು ತಲೆ ತಗ್ಗಿಸುವುದಿಲ್ಲ.

ಶೇಂಗಾ ಧೂಳಿಗೆ ಬರುತ್ತಿದ್ದ ನಿಮ್ಮ ಕೆಮ್ಮು ಹೇಗಿದೆ ಎಂದು ಕೇಳಬಾರದೆಂದುಕೊಂಡಿದ್ದೆ. ಕೇಳಿಬಿಟ್ಟೆ. ಅಷ್ಟಕ್ಕೇ ಬೇರೆ ಅರ್ಥ ಮಾಡಿಕೊಳ್ಳಬೇಡಿ.

ಇಂತಿ,
ಅಂಜಿನಕ್ಕನ ಮಗಳು, ಕಲ್ಯಾಣಿಯ ತಾಯಿ
ಹೊನ್ನೂರಮ್ಮ

ತಾ.ಕ.: ದೇವರ ಗೂಡಿನಲ್ಲಿ ಇಡಬೇಡಿ ಎಂದದ್ದಕ್ಕೆ ಇನ್ನೊಂದು ಕಾರಣವಿದೆ. ಇದು ಮೈಲಿಗೆಯ ಕಾಗದ. ಹಿತ್ತಲ ಬಾಗಿಲ ಹತ್ತಿರ ಬೇರೆ ಚಾಪೆ ಹಾಕಿಕೊಂಡು ಕೂತು ಬರೆದಿದ್ದೇನೆ. ನಿನ್ನೆಯಿಂದ ನಾನು ಹೊರಗೆ, ಮೂರು ವರ್ಷದ ಮೇಲೆ. ಅವ್ವನಿಗೆ ಹೇಳಿದೆ, ಅವಳು ಒಳಗೆ ಹೋಗಿ, ಹೊಸದಾಗಿ ದೊಡ್ಡವಳಾದ ಹುಡುಗಿಗೆ ಮಾಡುವ ಹಾಗೆ ಕೊಬ್ಬರಿ ಬೆಲ್ಲ ಕುಟ್ಟಿ ಉಂಡೆ ಕಟ್ಟಿ ತಂದಳು. ಕಲ್ಯಾಣಿಯೂ ಒಂದು ತಿಂದಳು, ಚೂರು ಮಾಡದೆ. ನನ್ನನ್ನು ಗೊಡ್ಡು ಅಂದಿದ್ದ ನಿಮ್ಮ ತಾಯಿಗೆ ಈ ಸುದ್ದಿ ತಿಳಿಸಿ. ತಿಳಿದ ಮೇಲೆ ಅವರು ನಾಳೆಯೇ ಹೋಗಿ ಕರೆದುಕೊಂಡು ಬಾ ಅನ್ನುತ್ತಾರೆ. ಬರಬೇಡಿ.